ಕನಿಷ್ಠ ಆರು ಕಿಲೋಮೀಟರ್

2005ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಎಲ್ಲರೂ ಒಂದು ಸಂಗತಿಯನ್ನು ನಂಬಿದ್ದರು: ಮಕ್ಕಳು ಪಾಠ ಕಲಿಯಬೇಕಾದರೆ ಇನ್ನು ಮುಂದೆ ಮೇಷ್ಟ್ರು ಅವರ ಹತ್ತಿರ ಇರಬೇಕಾಗಿಲ್ಲ.

ಈ ನಂಬಿಕೆಗೆ ಆಧಾರವಿತ್ತು. ಅದು ನಲವತ್ತು ಪುಟದ್ದು, ಬಣ್ಣದ ಹೊದಿಕೆಯದ್ದು. 'ಸರ್ವದೂರ ಶಿಕ್ಷಣ ಯೋಜನೆ'ಯ ಸಂಯೋಜಕರಾದ ಚಲಪತಿಯವರು ಅಚ್ಚು ಹಾಕಿಸಿದ ಆ ಪುಸ್ತಿಕೆಯ ಹೆಸರು 'ಆನ್‌ಲೈನ್ ಕಲಿಕೆ: ಪ್ರವರ್ತಕರು ಮತ್ತು ಚಿಂತನೆಗಳು'. ಮೊದಲ ಅಧ್ಯಾಯದಲ್ಲಿ ಇಂಗ್ಲೆಂಡಿನ ಒಬ್ಬರು ನೂರಾ ಅರವತ್ತು ವರ್ಷಗಳ ಹಿಂದೆ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದ್ದು. ಎರಡನೆಯದರಲ್ಲಿ ರೇಡಿಯೋ ಪಾಠ. ಮೂರನೆಯದರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದು 1960ರ ಸುಮಾರಿಗೆ ಕಂಪ್ಯೂಟರಿಗೇ ಪಾಠ ಹೇಳುವ ಕೆಲಸ ಒಪ್ಪಿಸಿದ್ದು. ನಾಲ್ಕನೆಯದು ಇಂಟರ್‌ನೆಟ್. ಐದನೆಯದು ಚಲಪತಿಯವರ ಫೋಟೋ.

ದೂರದಿಂದ ಪಾಠ ಹೇಳಲು ದೂರದಲ್ಲೊಬ್ಬರು ಇರಬೇಕು. ಆದ್ದರಿಂದ ಹಳ್ಳಿಗಳ ಪ್ರೌಢಶಾಲೆಗಳಿಂದ ಒಂಬತ್ತು ಮಂದಿ ಶಿಕ್ಷಕರನ್ನು ತೆಗೆದು ಗೌರಿಬಿದನೂರಿನ ಯೋಜನಾ ಕಚೇರಿಗೆ ನಿಯೋಜಿಸಲಾಯಿತು. ಅವರಲ್ಲೊಬ್ಬರು ವಿದುರಾಶ್ವತ್ಥದ ಆಚೆಗಿನ ಒಂದು ಹಳ್ಳಿಯ ಗಣಿತದ ಮೇಷ್ಟ್ರು ರಮೇಶ್‌ಬಾಬು. ಆ ಹಳ್ಳಿಗೆ ಕಡತದಲ್ಲಿ 'ಕೇಂದ್ರ ಸಂಖ್ಯೆ ಏಳು' ಎಂಬ ಹೆಸರು ಬಂತು. ರಮೇಶ್‌ಬಾಬು ಅವರ ಮನೆ ಶಾಲೆಯ ಗೇಟಿಗೆ ಎದುರಾಗಿಯೇ ಇತ್ತು. ಇನ್ನು ಮುಂದೆ ಅವರು ದಿನಾ ಬೆಳಿಗ್ಗೆ ಅದೇ ಗೇಟಿನ ಮುಂದೆ ಎಂಟೂಕಾಲರ ಬಸ್ಸು ಹತ್ತಿ, ಗೌರಿಬಿದನೂರಿಗೆ ಹೋಗಿ, ಅಲ್ಲಿಂದ ತಮ್ಮ ಊರಿನ ಮಕ್ಕಳಿಗೆ ಪಾಠ ಹೇಳತಕ್ಕದ್ದು.

"ಸಾರ್, ನಾನು ಅಲ್ಲೇ ಇರ್ತೀನಲ್ಲ. ಬೆಳಿಗ್ಗೆ ಒಂದು ಗಂಟೆ ಪಾಠ ಹೇಳಿ ಬಂದ್ಬಿಡ್ತೀನಿ" ಎಂದು ಅವರು ಕೇಳಿಕೊಂಡರು.

ಚಲಪತಿಯವರು ಯೋಜನೆಯ ನಿಯಮಾವಳಿಯ ಕಲಂ ನಾಲ್ಕನ್ನು ಓದಿ ಹೇಳಿದರು: "ನಿಯೋಜಿತ ಶಿಕ್ಷಕರು ಕಲಿಯುವವರಿಂದ ಕನಿಷ್ಠ ಆರು ಕಿಲೋಮೀಟರ್ ಅಂತರದಲ್ಲಿದ್ದು ಪಾಠ ಹೇಳತಕ್ಕದ್ದು. ಅದಕ್ಕಿಂತ ಹತ್ತಿರದಿಂದ ಹೇಳಿದ ಪಾಠ ದೂರಶಿಕ್ಷಣ ಎನಿಸದು. ಹೇಳಿದವರು ಶಿಸ್ತುಕ್ರಮಕ್ಕೆ ಒಳಗಾಗುವರು." ಆಮೇಲೆ ಕನ್ನಡಕ ತೆಗೆದು, "ಹತ್ತಿರ ಹೋಗಿ ಪಾಠ ಹೇಳೋದು ಯಾರಾದ್ರೂ ಮಾಡ್ತಾರಪ್ಪ. ಅದ್ರಲ್ಲಿ ಏನ್ ವಿಶೇಷ?" ಎಂದರು.

ಕೇಂದ್ರ ಸಂಖ್ಯೆ ಏಳಕ್ಕೆ ಕಂಪ್ಯೂಟರ್ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಯಲಾಯಿತು. ಫೋನ್ ಲೈನು ಬರಲಿಲ್ಲ. ಚಲಪತಿಯವರು ಧೃತಿಗೆಡಲಿಲ್ಲ. ನಾಲ್ಕನೇ ಅಧ್ಯಾಯ ಆಗದಿದ್ದರೆ ಮೂರನೆಯದು ಇದೆಯಲ್ಲ ಎಂದು ಪಾಠಗಳನ್ನು ಸಿಡಿಗೆ ಹಾಕಿಸಿ ಕಳಿಸಿದರು. ಗಣಿತದ ಪಿರಿಯಡ್ ಹನ್ನೊಂದಕ್ಕೆ. ಹಳ್ಳಿಯಲ್ಲಿ ಕರೆಂಟು ಹತ್ತಕ್ಕೆ ಹೋದರೆ ಬರುತ್ತಿದ್ದುದು ಎರಡಕ್ಕೆ. ಪಿರಿಯಡ್ ಬದಲಿಸಲು ಹೆಡ್‌ಮಾಸ್ತರರು ಅನುಮತಿ ಕೋರಿದರು. ವೇಳಾಪಟ್ಟಿ ಒಂಬತ್ತೂ ಕೇಂದ್ರಗಳಿಗೆ ಏಕರೂಪದ್ದೆಂದು ಉತ್ತರ ಬಂತು.

ಸೆಪ್ಟೆಂಬರ್‌ನಲ್ಲಿ ಯೋಜನೆ ಎರಡನೇ ಅಧ್ಯಾಯಕ್ಕೆ ಮುಂದುವರಿಯಿತು. ಸೆಲ್ ಹಾಕುವ ಟೇಪ್‌ರೆಕಾರ್ಡರ್ ಮತ್ತು ಹನ್ನೆರಡು ಕ್ಯಾಸೆಟ್‌ಗಳನ್ನು ಸರಬರಾಜು ಮಾಡಲಾಯಿತು. ರಮೇಶ್‌ಬಾಬು ಕಚೇರಿಯ ಕೋಣೆಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು ವೃತ್ತಗಳ ಪಾಠ ಮಾಡಿದರು, ಅದನ್ನು ಧ್ವನಿಮುದ್ರಿಸಲಾಯಿತು. ಹತ್ತನೇ ತರಗತಿಯ ಇಪ್ಪತ್ತಾರು ಮಕ್ಕಳು ಕೈಕಟ್ಟಿ ಕುಳಿತು ಕೇಳಿದರು: "ಇಲ್ಲಿಂದ ಇಲ್ಲಿಗೆ ಒಂದು ಗೆರೆ ಎಳೀರಿ. ಈಗ ಇದೂ ಇದೂ ಸಮ. ಯಾಕೆ ಸಮ? ಇದನ್ನ ನೋಡಿದ್ರೇನೇ ಗೊತ್ತಾಗುತ್ತೆ."

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ತರಗತಿಯ ಹರಿಣಿಗೆ ಗಣಿತದಲ್ಲಿ ಹನ್ನೊಂದು ಬಂತು. ಉಳಿದ ವಿಷಯಗಳಲ್ಲಿ ಅರವತ್ತರ ಮೇಲೆ. ಅವಳ ಅವ್ವ ಗಂಗುಲಮ್ಮ ಮೊದಲೇ ತೀರ್ಮಾನ ಹೇಳಿದ್ದಳು: ಎಸ್ಸೆಸ್ಸೆಲ್ಸಿ ಪಾಸಾದರೆ ಕಾಲೇಜು, ಲೆಕ್ಕದಲ್ಲಿ ಹೋದರೆ ಗಾರ್ಮೆಂಟ್ಸು. ಗಾರ್ಮೆಂಟ್ಸಿನ ವ್ಯಾನು ದಿನಾ ಅದೇ ಗೇಟಿನ ಮುಂದೆ ನಿಂತು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು.

ಅಕ್ಟೋಬರ್‌ನಲ್ಲಿ ಮೊದಲ ಅಧ್ಯಾಯವನ್ನು ಜಾರಿಗೆ ತರಲಾಯಿತು. ಸಂದೇಹವಿರುವ ಮಕ್ಕಳು ಅಂಚೆಕಾರ್ಡಿನಲ್ಲಿ ಪ್ರಶ್ನೆ ಬರೆದು ಯೋಜನಾ ಕಚೇರಿಗೆ ಕಳಿಸತಕ್ಕದ್ದು. ಹರಿಣಿ ಬರೆದಳು: "ಸಾರ್, ಕ್ಯಾಸೆಟ್ಟಲ್ಲಿ 'ಇಲ್ಲಿಂದ ಇಲ್ಲಿಗೆ' ಅಂದಿದ್ದೀರ. ಎಲ್ಲಿಂದ ಎಲ್ಲಿಗೆ?"

ಕಚೇರಿಯ ಗುಮಾಸ್ತೆ ಶೋಭಾರಾಣಿ ಕಾರ್ಡಿಗೆ ನಂಬರು ಹಾಕಿ ಚಲಪತಿಯವರ ಮುಂದಿಟ್ಟರು.

"ಇದು ಗಣಿತದ ಪ್ರಶ್ನೆನಾ, ಭೂಗೋಳದ ಪ್ರಶ್ನೆನಾ?" ಎಂದು ಚಲಪತಿಯವರು ಕೇಳಿದರು.

"ಮೇಷ್ಟ್ರು ಒಳಗೇ ಇದ್ದಾರೆ ಸಾರ್. ಕೇಳ್ಕೊಂಡು ಬರ್ಲಾ?"

"ಬೇಡಮ್ಮ. ಮೊದ್ಲು ಸ್ವೀಕೃತಿ ಹೋಗ್ಲಿ."

ಹತ್ತು ದಿನಕ್ಕೆ ಹರಿಣಿಗೆ ಅಚ್ಚಾದ ಕಾರ್ಡು ತಲುಪಿತು: 'ನಿಮ್ಮ ಸಂದೇಹ ಸ್ವೀಕೃತವಾಗಿದೆ. ಇದೇ ರೀತಿ ಕಲಿಕೆಯಲ್ಲಿ ಆಸಕ್ತಿ ತೋರತಕ್ಕದ್ದು.'

ಮರುದಿನ ಬೆಳಿಗ್ಗೆ ಗಂಗುಲಮ್ಮ ಮಗಳನ್ನೂ ಕಾರ್ಡನ್ನೂ ಕರೆದುಕೊಂಡು ಗೇಟಿನ ಹತ್ತಿರ ಬಂದಳು. ರಮೇಶ್‌ಬಾಬು ಊಟದ ಡಬ್ಬಿ ಹಿಡಿದು ಬಸ್ಸಿಗೆ ನಿಂತಿದ್ದರು. ಎಂಟೂಕಾಲರ ಬಸ್ಸು ಒಂಬತ್ತಕ್ಕೆ ಮೊದಲು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಅವರು ಎಂಟೂಕಾಲಿಗೇ ಬಂದು ನಿಲ್ಲುತ್ತಿದ್ದರು, ಸರ್ಕಾರಿ ನೌಕರರು.

"ಏನ್ ಸಾರ್, ನಿಮ್ಮನೆ ಒಗ್ಗರಣೆ ವಾಸ್ನೆ ಶಾಲೆಗೆ ಬರುತ್ತೆ. ನಮ್ ಮಗು ಮಾತ್ರ ನಿಮ್ಗೆ ಕಾಗ್ದ ಬರೀಬೇಕಾ?"

"ರೂಲ್ಸ್ ಅಮ್ಮ. ಆರು ಕಿಲೋಮೀಟರ್ ಇರ್ಬೇಕು."

"ಹಂಗಾರೆ ನಾವೇ ದೂರ ಹೋಗಿ ನಿಂತ್ಕೊಳಣ, ನೀವು ಕೂಗಿ ಹೇಳಿ."

ಅಷ್ಟರಲ್ಲಿ ವ್ಯಾನು ಬಂತು. ಡ್ರೈವರ್ ಅಂಬರೀಶ್ ತಲೆ ಹೊರಗೆ ಹಾಕಿದ. "ಗಂಗುಲಮ್ಮಕ್ಕ, ಮೇ ತಿಂಗ್ಳಿಗೆ ಕಿಟಕಿ ಪಕ್ಕದ ಸೀಟು ಇಡ್ಲಾ? ಈಗ್ಲೇ ಹೇಳ್ಬಿಡು, ಆಮೇಲೆ ಸಿಗಲ್ಲ."

"ಇಡಪ್ಪ, ಇಡು" ಎಂದಳು ಗಂಗುಲಮ್ಮ. ಹರಿಣಿ ಕಾರ್ಡನ್ನು ನಾಲ್ಕು ಮಡಿಕೆ ಮಾಡಿದಳು. ವ್ಯಾನು ಹೋಯಿತು.

ರಮೇಶ್‌ಬಾಬು ರಸ್ತೆಯ ಎರಡೂ ಕಡೆ ನೋಡಿದರು. ಬಸ್ಸೂ ಇರಲಿಲ್ಲ, ಚಲಪತಿಯವರೂ ಇರಲಿಲ್ಲ. ಡಬ್ಬಿ ಕೆಳಗಿಟ್ಟು, ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ವೃತ್ತ ಬರೆದರು.

"ನೋಡಮ್ಮ ಹರಿಣಿ, ನಾನೇನೂ ಪಾಠ ಹೇಳ್ತಿಲ್ಲ. ಬಸ್ ಕಾಯ್ತಿದ್ದೀನಿ. ಈ ಬಿಂದು ಇದೆಯಲ್ಲ, ಇಲ್ಲಿಂದ ಇಲ್ಲಿಗೆ ಒಂದು ಸ್ಪರ್ಶಕ. ಇಲ್ಲಿಂದ ಅಲ್ಲಿಗೆ ಇನ್ನೊಂದು."

"ಇಷ್ಟೇನಾ ಸಾರ್?"

"ಇಷ್ಟೇ ಕಣಮ್ಮ."

ಮರುದಿನ ನಾಲ್ವರು ಬಸ್ಸು ಕಾಯಲು ಬಂದರು. ಡಿಸೆಂಬರ್ ಹೊತ್ತಿಗೆ ದಿನಾ ಬೆಳಿಗ್ಗೆ ಇಪ್ಪತ್ತಾರು ಮಕ್ಕಳು ನೋಟ್‌ಬುಕ್ ಸಮೇತ ಎಂಟೂಕಾಲರ ಬಸ್ಸಿಗೆ ಕಾಯುತ್ತಿದ್ದರು. ಒಂಬತ್ತಕ್ಕೆ ಬಸ್ಸು ಬಂದಾಗ ಹತ್ತುತ್ತಿದ್ದವರು ಒಬ್ಬರೇ.

ಇತ್ತ ಯೋಜನಾ ಕಚೇರಿಗೆ ಕೇಂದ್ರ ಸಂಖ್ಯೆ ಏಳರಿಂದ ಕಾರ್ಡುಗಳು ಬರುವುದು ನಿಂತಿತು. ಚಲಪತಿಯವರು ಇದನ್ನು ಗಮನಿಸಿ ವರದಿಯಲ್ಲಿ ದಾಖಲಿಸಿದರು: 'ಸಂದೇಹಗಳ ಸಂಖ್ಯೆ ಶೂನ್ಯ. ಕಲಿಕೆ ಸಂಪೂರ್ಣ.'

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಎಂಟು ಕೇಂದ್ರಗಳಲ್ಲಿ ಗಣಿತದ ಸ್ಥಿತಿ ವಿಷಾದನೀಯ. ಏಳನೆಯದರಲ್ಲಿ ಇಪ್ಪತ್ತಾರಕ್ಕೆ ಇಪ್ಪತ್ಮೂರು ಪಾಸು. ಹರಿಣಿಗೆ ಅರವತ್ತೆಂಟು. ಅಂಬರೀಶ್ ಕಿಟಕಿ ಪಕ್ಕದ ಸೀಟನ್ನು ಬೇರೆಯವರಿಗೆ ಕೊಟ್ಟ. ಚಲಪತಿಯವರು ಏಳನೇ ಕೇಂದ್ರವನ್ನು ಯೋಜನೆಯ ಫಲವೆಂದೂ ಉಳಿದ ಎಂಟನ್ನು ಮಕ್ಕಳ ಫಲವೆಂದೂ ವಿಂಗಡಿಸಿದರು. ಯೋಜನೆಯನ್ನು ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಗೆ ವಿಸ್ತರಿಸಿ, ಇನ್ನೂ ಹದಿನೆಂಟು ಶಿಕ್ಷಕರನ್ನು ಶಾಲೆಗಳಿಂದ ತೆಗೆಯಲು ಆದೇಶವಾಯಿತು. ಕಚೇರಿಯ ಗೋಡೆಯ ಮೇಲೆ 'ಪ್ರವರ್ತಕರು' ಎಂಬ ಹಲಗೆ ಬಂತು. ಅದರಲ್ಲಿ ಇಂಗ್ಲೆಂಡಿನವರ ಕೆಳಗೆ ಚಲಪತಿಯವರ ಹೆಸರಿತ್ತು, ಅಕ್ಷರ ಸ್ವಲ್ಪ ದೊಡ್ಡದು.

ಅವರು ರಮೇಶ್‌ಬಾಬು ಅವರನ್ನು ಕರೆಸಿದರು.

"ನಾಲ್ಕು ಅಧ್ಯಾಯದಲ್ಲಿ ಯಾವುದು ಫಲ ಕೊಡ್ತು ಮೇಷ್ಟ್ರೇ? ನಿಜ ಹೇಳಿ."

ರಮೇಶ್‌ಬಾಬು ಗೋಡೆಯ ಮೇಲೆ ತೂಗುಹಾಕಿದ್ದ ಕಲಂ ನಾಲ್ಕನ್ನು ನೋಡಿದರು. "ಎಲ್ಲಾ ಸೇರಿ ಸಾರ್" ಎಂದರು.

"ನಂಗೊತ್ತಿತ್ತು. ಆದ್ರೆ ಒಂದೇ ಒಂದು ಕಪ್ಪುಚುಕ್ಕೆ." ಚಲಪತಿಯವರು ಹಾಜರಿ ಪುಸ್ತಕ ಬಿಡಿಸಿದರು. "ಒಂಬತ್ತಕ್ಕೆ ಬರ್ಬೇಕಾದವರು ವರ್ಷಪೂರ್ತಿ ಒಂಬತ್ತೂವರೆಗೆ ಬಂದಿದ್ದೀರ. ಬೇರೆಯವರಾಗಿದ್ರೆ ನೋಟಿಸ್ ಕೊಡ್ತಿದ್ದೆ."

"ಬಸ್ಸು ಸಾರ್, ತಡ."

"ಹಾಗೋ? ಅಷ್ಟು ತಡವಾಗಿ ಬಂದೇ ಇಷ್ಟು ಫಲಿತಾಂಶ! ಬೇಗ ಬಂದಿದ್ರೆ?"

"ಬೇಡ ಸಾರ್, ಅಭ್ಯಾಸವಾಗಿದೆ."

"ಸಂಕೋಚ ಪಡ್ಬೇಡ್ರಿ. ಬಸ್ಸಿನ ಓನರು ನನ್ನ ಷಡ್ಡಕ."

ಬಸ್ಸು ಹೊತ್ತಿಗೆ ಸರಿಯಾಗಿ ಬರಲೆಂದು ಹಳ್ಳಿಯವರು ಹದಿನೈದು ವರ್ಷದಿಂದ ಅರ್ಜಿ ಕೊಟ್ಟರೂ ಆಗದಿದ್ದ ಕೆಲಸ ಒಂದು ಫೋನಿನಲ್ಲಿ ಆಯಿತು. ಊರಿನವರು ಚಲಪತಿಯವರಿಗೆ ಶಾಲೆಯ ಗೇಟಿನ ಮುಂದೆ ಹಾರ ಹಾಕಿದರು. ಗಂಗುಲಮ್ಮನೂ ಕೈಮುಗಿದಳು, ಈ ಸಲ ಹತ್ತನೇ ತರಗತಿಗೆ ಬಂದಿದ್ದವಳು ಅವಳ ಕಿರಿಯ ಮಗಳು ತನುಜ. ಹೆಡ್‌ಮಾಸ್ತರರು ವಂದನಾರ್ಪಣೆ ಮಾಡಿದರು. ರಮೇಶ್‌ಬಾಬು ಚಪ್ಪಾಳೆ ತಟ್ಟಿದರು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ತನುಜ ಹೊಸ ನೋಟ್‌ಬುಕ್ ಹಿಡಿದು ಎಂಟೂ ಇಪ್ಪತ್ತಕ್ಕೆ ಗೇಟಿನ ಹತ್ತಿರ ಬಂದಳು. ಬಸ್ಸು ಎಂಟೂಕಾಲಿಗೇ ಬಂದು ಹೋಗಿತ್ತು.