ಮಡಿ ಕೆಡದ ಮೇನ್ ಬ್ರಾಂಚಿನ ಒಡೆಯರಿಗೆ

ಮಾನ್ಯರೇ,

ಕೊಚ್ಚಿಯ ನಮ್ಮ ಕಂಪನಿಯ ಬಿಡುಗಡೆ ವಿಭಾಗದ ಮುಖ್ಯಸ್ಥರೂ ಮೇನ್ ಬ್ರಾಂಚಿನ ಏಕೈಕ ದ್ವಾರಪಾಲಕರೂ ಆದ ಶ್ರೀ ಕುರುವಿಳ ಸಾರ್ ಅವರಿಗೆ, ಅದೇ ಕಂಪನಿಯಲ್ಲಿ ತಂತ್ರಾಂಶದ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ಸ್ಟೆಫಿ ಕ್ಲೀಟಸ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ತಣ್ಣನೆಯ ಕೋಣೆಯವರೆಗೆ ಯಾವ ತೆರೆಯೂ ಏರಿ ಬರುವುದಿಲ್ಲ.

ಮೀನುಗಾರರ ದೋಣಿಗಳಿಗೆ ನಾವು ಮಾಡಿಕೊಡುವ ಯಂತ್ರದಲ್ಲಿ ಒಂದು ಕೆಂಪು ಗುಂಡಿಯಿದೆ. ಅಪಾಯದಲ್ಲಿ ಅದನ್ನೊತ್ತಿದರೆ ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಯಬೇಕು. ಹೋದ ವರ್ಷ ಅದು ದೋಣಿ ಇರುವ ಜಾಗವನ್ನು ಬಿಟ್ಟು ಹೊರಟ ಜಾಗವನ್ನು ತಿಳಿಸುತ್ತಿತ್ತು. ನಾನು ತಪ್ಪನ್ನು ಹಿಡಿದೆ, ಪ್ರೋಗ್ರಾಂ ಬರೆಯುವ ಪ್ರಜೀಷ್ ಚೇಟ್ಟ ಸರಿಪಡಿಸಿದರು. ಆದರೆ ಅವಸರದಲ್ಲಿ ಸರಿಪಡಿಸಿದ್ದು ಆ ವರ್ಷದ ಬಿಡುಗಡೆಗೆಂದು ತೆರೆದ ಬ್ರಾಂಚಿನಲ್ಲಿ, ಅಂದರೆ ತಂತ್ರಾಂಶದ ಕವಲು ಪ್ರತಿಯಲ್ಲಿ, ಮಾತ್ರ. ಮುಂದಿನ ಬಿಡುಗಡೆಗಳೆಲ್ಲ ಹುಟ್ಟುವ ಮೂಲ ಪ್ರತಿಗೆ, ಅಂದರೆ ಮೇನ್‌ಗೆ, ಅದನ್ನು ಸೇರಿಸಲು ಒಪ್ಪಿಗೆ ಕೇಳಿದಾಗ ತಾವು ಮಗಳನ್ನು ಕರೆಯುವಂತೆ ಕರೆದು, "ಅವಸರದಲ್ಲಿ ಮಾಡಿದ್ದನ್ನೆಲ್ಲ ಮೇನ್ ಒಳಗೆ ತುರುಕಬೇಡ ಮೋಳೆ, ಅದೊಂದಾದ್ರೂ ಕ್ಲೀನಾಗಿರ್ಲಿ. ಆಮೇಲೆ ನೋಡೋಣ, ಈಗ ಊಟಕ್ಕೆ ನಡಿ" ಎಂದಿರಿ. ಬಿಡುಗಡೆಯ ದಿನ ಬಾಳೆಯೆಲೆ ಊಟ, ಪಾಲಡೆ ಪಾಯಸ ನಮ್ಮಲ್ಲಿ ಪದ್ಧತಿ. ಪಾಯಸವಾದ ಮೇಲೆ ಯಾರೂ ಕೆಲಸ ಮಾಡದಿರುವುದೂ ಪದ್ಧತಿ.

ಈ ವರ್ಷ ಟ್ರಾಲಿಂಗ್ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ದಿನಕ್ಕೆ ಸರಿಯಾಗಿ, ಮಡಿ ಕೆಡದ ಅದೇ ಮೇನ್‌ನಿಂದ ಹೊಸ ಬ್ರಾಂಚ್ ತೆಗೆದು ಬಿಡುಗಡೆ ಮಾಡಿದಿರಿ. ಗುಂಡಿಯನ್ನು ಇನ್ನೊಮ್ಮೆ ಪರೀಕ್ಷಿಸಲೇ ಎಂದರೆ, "ಹೋದ ವರ್ಷಾನೇ ಸರಿಹೋಯ್ತಲ್ಲ, ಮತ್ಯಾಕೆ?" ಎಂದಿರಿ. ಮುನಂಬಂನ ದೋಣಿಯೊಂದರ ಎಂಜಿನ್ ನಡುಗಡಲಲ್ಲಿ ಕೆಟ್ಟಿತು. ದೋಣಿ ನಡೆಸುವ ತಂಡೇಲ ಗುಂಡಿ ಒತ್ತಿದರು. ಆ ತಂಡೇಲ ನನ್ನ ಅಪ್ಪ.

ರಕ್ಷಣಾ ದೋಣಿಯ ಚಾಲಕ ನನಗೇ ಫೋನ್ ಮಾಡಿದರು: "ನಿಮ್ಮಪ್ಪ ದೋಣಿ ಹೊರಟ ಕಟ್ಟೆ ಪಕ್ಕದ ಚಾ ಅಂಗಡಿ ಮುಂದೆ ಮುಳುಗ್ತಿದ್ದಾರೆ ಅಂತ ತೋರಿಸ್ತಿದೆ. ಅಲ್ಲೇ ನಿಂತಿದ್ದೀನಿ ಮೋಳೆ. ಎಣ್ಣೇಲಿ ಪಳಂಪೊರಿ ಮುಳುಗ್ತಿರೋದು ಬಿಟ್ರೆ ಇಲ್ಲಿ ಬೇರೇನೂ ಕಾಣ್ತಿಲ್ಲ."

ಮರುದಿನ ಸಂಜೆ ಕೊಳಚ್ಚಲ್‌ನ ದೋಣಿಯವರ ಕಣ್ಣಿಗೆ ಬಿದ್ದು ಅಪ್ಪ ಬದುಕಿದರು. ಅಲ್ಲಿಯವರೆಗೆ ಅಮ್ಮ ಜಪಮಾಲೆ ಹಿಡಿದು ಕೂತಿದ್ದಳು. ನಾನು ಕಂಪನಿಯ ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು ನೆರೆಯವರಿಗೆ ಕಾಣದಂತೆ ಬಚ್ಚಿಟ್ಟಿದ್ದೆ. ನಾಚಿಕೆಯಾಗಿತ್ತು ಸಾರ್. ಈಗಲೂ ಆಗುತ್ತಿದೆ.

ಹಾಗೆಂದು ತಮ್ಮ ಶಿಸ್ತನ್ನು ಹೊಗಳದಿರಲಾರೆ. ನಮ್ಮಜ್ಜಿ ಉಪ್ಪಿನಕಾಯಿ ಜಾಡಿಯನ್ನೂ ಇಷ್ಟು ಜೋಪಾನ ಮಾಡಿದವಳಲ್ಲ. ಹಳೆಯ ಬ್ರಾಂಚುಗಳನ್ನು ಅಳಿಸಲು ತಮಗೆ ಮನಸ್ಸಿಲ್ಲದ ಕಾರಣ 'ಅಂತಿಮ', 'ಅಂತಿಮ-ಹೊಸದು', 'ಇದೇ-ಅಂತಿಮ-ಮುಟ್ಟಬೇಡಿ' ಎಲ್ಲವೂ ಸಾಲಾಗಿ ನಿಂತಿವೆ, ಯಾವುದರಲ್ಲಿ ಯಾವ ದುರಸ್ತಿ ಇದೆಯೋ ಆ ಕರ್ತನೇ ಬಲ್ಲ. ಅಪ್ಪ ದಡ ಸೇರಿದ ಮೇಲೆ ತಾವು ತುರ್ತಾಗಿ ಇನ್ನೊಂದು ಬ್ರಾಂಚ್ ತೆರೆದು, ಅದಕ್ಕೆ 'ಕ್ಲೀಟಸ್' ಎಂದು ಅಪ್ಪನ ಹೆಸರನ್ನೇ ಇಟ್ಟು ಗೌರವಿಸಿ, ಅದೇ ದುರಸ್ತಿಯನ್ನು ಅದರಲ್ಲೂ ಮಾಡಿಸಿ, ಮೇನ್ ಮಾತ್ರ ಯಾರೂ ಮುಟ್ಟಕೂಡದೆಂದು ಅಪ್ಪಣೆ ಕೊಡಿಸಿದಿರಿ. ಮುಂದಿನ ಬಿಡುಗಡೆ ಮತ್ತೆ ಮೇನ್‌ನಿಂದಲೇ ಹುಟ್ಟುತ್ತದೆ. ಅಪ್ಪ ಮತ್ತೆ ಕಡಲಿಗೆ ಹೋಗುತ್ತಾರೆ.

ಆದ್ದರಿಂದ ನನ್ನ ಸಣ್ಣ ವಿನಂತಿ. ಮೇನ್‌ಗೆ ಮೈಲಿಗೆಯಾಗುವುದಾದರೆ ಬೇಡವೇ ಬೇಡ. ಎಂಜಿನ್ನುಗಳು ಕೆಡುವುದಿದ್ದರೆ ಕಟ್ಟೆ ಬಿಡುವ ಮೊದಲೇ ಕೆಡತಕ್ಕದ್ದು ಎಂದು ಒಂದು ಸುತ್ತೋಲೆ ಹೊರಡಿಸಿ. ಅದೂ ಕಷ್ಟವಾದರೆ ಅರಬ್ಬಿ ಸಮುದ್ರಕ್ಕೆ ಒಂದು ಮಾತು ಹೇಳಿ, ಅಪಾಯವಿರುವ ಭಾಗವನ್ನೆಲ್ಲ ದಡದ ಹತ್ತಿರಕ್ಕೆ ಸರಿಸಿಕೊಡಿ. ತಮ್ಮ ಮಾತನ್ನು ಈವರೆಗೆ ಯಾರೂ ಮೀರಿಲ್ಲ.

ಕೆಲಸ ಇರುವಷ್ಟು ದಿನ
ತಮ್ಮ ವಿಶ್ವಾಸಿ,
ಸ್ಟೆಫಿ ಕ್ಲೀಟಸ್

ಬರೆಯಲು ಮರೆತದ್ದು: ಆ ದುರಸ್ತಿಯನ್ನು ಇಂದು ಬೆಳಿಗ್ಗೆ ನಾನೇ ಮೇನ್‌ಗೆ ಸೇರಿಸಿದ್ದೇನೆ, ತಮ್ಮ ಒಪ್ಪಿಗೆಯಿಲ್ಲದೆ. ಬೇಡವೆನಿಸಿದರೆ ದಯವಿಟ್ಟು ತಾವೇ ತೆಗೆದುಹಾಕಿ. ತೆಗೆದವರ ಹೆಸರೂ ಅವರು ಬರೆದ ಕಾರಣವೂ ಮೇನ್‌ನ ದಾಖಲೆಯಲ್ಲಿ ಉಳಿಯುತ್ತವೆ. ಕಾರಣವನ್ನು ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ.