ಜೋಳದ ಹೊಲದಲ್ಲಿ ಕೋರಂ

ಕಸ್ತೂರಿ ಕೂಟದ ಬೈಲಾ ಪ್ರಕಾರ ಸರ್ವಸದಸ್ಯರ ವಾರ್ಷಿಕ ಸಭೆಗೆ ಇಪ್ಪತ್ತೈದು ಜನರ ಕೋರಂ ಕಡ್ಡಾಯ, ಊಟ ಐಚ್ಛಿಕ. ಕಳೆದ ಆರು ವರ್ಷಗಳಲ್ಲಿ ಊಟ ಒಮ್ಮೆಯೂ ತಪ್ಪಿಲ್ಲ. ಕೋರಂ ಒಮ್ಮೆಯೂ ಆಗಿಲ್ಲ.

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಈ ಕನ್ನಡ ಸಂಸ್ಥೆಯ ನೂರಾ ನಲವತ್ತು ಸದಸ್ಯರಿಗೆ ಉತ್ಸಾಹದ ಕೊರತೆ ಇತ್ತೆಂದು ಯಾರೂ ಹೇಳುವಂತಿಲ್ಲ. ಸಭೆ ಹತ್ತಕ್ಕೆ, ಊಟ ಒಂದಕ್ಕೆ ಎಂದು ಪ್ರಕಟಿಸಿದ ವರ್ಷ ಎಲ್ಲರೂ ಒಂದಕ್ಕೆ ಐದು ನಿಮಿಷ ಮೊದಲೇ ಬಂದಿದ್ದರು. ಊಟ ಮೊದಲು, ಸಭೆ ಆಮೇಲೆ ಎಂದು ಪ್ರಕಟಿಸಿದ ವರ್ಷ ಮೊಸರನ್ನದ ಹಂತದಲ್ಲಿ ಸಭಾಂಗಣದಲ್ಲಿ ತೊಂಬತ್ತು ಜನರಿದ್ದರು. ಅಧ್ಯಕ್ಷರು ಮೈಕು ತಟ್ಟಿ "ಹಲೋ, ಹಲೋ" ಅನ್ನುವಷ್ಟರಲ್ಲಿ ಏಳು ಜನ. ಆ ಏಳರಲ್ಲಿ ಇಬ್ಬರು ತಮ್ಮ ಕೋಟು ಹುಡುಕುತ್ತಿದ್ದರು.

ಇದರಿಂದ ನಿಜವಾದ ನಷ್ಟ ಆದದ್ದು ಒಬ್ಬರಿಗೆ ಮಾತ್ರ: ಕಾರ್ಯದರ್ಶಿ ಹೇಮಲತಾ ಅವರಿಗೆ. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ ಎರಡನೇ ರ‍್ಯಾಂಕ್ ಪಡೆದವರು ಅವರು. ಮೊದಲ ರ‍್ಯಾಂಕ್ ಪಡೆದವಳ ಚಿಕ್ಕಪ್ಪ ಪರೀಕ್ಷಾ ವಿಭಾಗದಲ್ಲಿದ್ದರೆಂಬುದನ್ನು ಅವರು ಎಲ್ಲಿಯೂ ಬರೆದಿಟ್ಟಿಲ್ಲ. ಬಾಯಲ್ಲಿ ಮಾತ್ರ ಹೇಳುತ್ತಾರೆ. ಮೂರು ಮಕ್ಕಳು, ಐದು ಮೊಮ್ಮಕ್ಕಳು ಮತ್ತು ಕೂಟದ ಆರು ನಡವಳಿ ಪುಸ್ತಕಗಳನ್ನು ಒಂದೇ ಶಿಸ್ತಿನಲ್ಲಿ ಬೆಳೆಸಿದ್ದರು. ಯಾರು ಯಾವ ದಿನ ಯಾವ ಮಾತನ್ನು ಯಾವ ಧ್ವನಿಯಲ್ಲಿ ಆಡಿದರೆಂಬುದು ಆ ಪುಸ್ತಕಗಳಲ್ಲಿತ್ತು. ಆದರೆ ಬೈಲಾದ ಹನ್ನೊಂದನೇ ವಿಧಿಯಂತೆ, ಸರ್ವಸದಸ್ಯರ ಸಭೆ ಒಪ್ಪಿಗೆ ಕೊಡುವವರೆಗೆ ನಡವಳಿ ನಡವಳಿಯಲ್ಲ, ಕರಡು. ಆರು ವರ್ಷಗಳ ದುಡಿಮೆ, ದುಂಡಗಿನ ಅಕ್ಷರ, ಕೆಂಪು ಶಾಯಿಯ ಅಡಿಗೆರೆ, ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಕರಡು ಕಾಗದ. ಅರವತ್ತೆಂಟನೇ ವಯಸ್ಸಿನಲ್ಲಿ ತಾವೇ ಒಂದು ಕರಡಾಗಿ ಉಳಿದುಬಿಟ್ಟೆವೇನೋ ಎಂದು ಅವರಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಕೋರಂ ಆಗದಿದ್ದುದರಿಂದ ಲಾಭವಾದವರೂ ಒಬ್ಬರೇ: ಅಧ್ಯಕ್ಷ ಜಯಪ್ರಕಾಶ. ಬೆಂಗಳೂರಿನ ರಾಜಾಜಿನಗರದಿಂದ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಇವರನ್ನು ಆರು ವರ್ಷದ ಹಿಂದೆ ಒಂದು ವರ್ಷದ ಅವಧಿಗೆ ಆರಿಸಲಾಗಿತ್ತು. ಸಭೆ ನಡೆಯದೆ ಚುನಾವಣೆ ಇಲ್ಲ, ಚುನಾವಣೆ ನಡೆಯದೆ ಅಧ್ಯಕ್ಷರು ಇಳಿಯುವಂತಿಲ್ಲ. ಪ್ರತಿ ರಾಜ್ಯೋತ್ಸವಕ್ಕೂ ಕೂಟ ತನ್ನ ಅಧ್ಯಕ್ಷರನ್ನು ಸನ್ಮಾನಿಸುವ ಪದ್ಧತಿ ಇದ್ದುದರಿಂದ ಅವರ ವಾರ್ಡ್‌ರೋಬಿನಲ್ಲಿ ಆರು ಶಾಲು, ಆರು ಮೈಸೂರು ಪೇಟ ಸೇರಿದ್ದವು.

ಸೆಪ್ಟೆಂಬರಿನಲ್ಲಿ ಮೊಮ್ಮಕ್ಕಳ ಜೊತೆ ಹೇಮಲತಾ ಅವರು ಲಿಚ್‌ಫೀಲ್ಡ್ ರಸ್ತೆಯ ಆಚೆಗಿನ ಒಂದು ಫಾರ್ಮಿಗೆ ಹೋಗಿದ್ದರು. ಅಲ್ಲಿ ಎಂಟು ಅಡಿ ಎತ್ತರದ ಮೆಕ್ಕೆಜೋಳದ ಹೊಲದೊಳಗೆ ಸುತ್ತುದಾರಿಗಳನ್ನು ಕತ್ತರಿಸಿ ಚಕ್ರವ್ಯೂಹ ಮಾಡಿದ್ದರು. ಒಳಗೆ ಹೋದವರು ದಾರಿ ಹುಡುಕುತ್ತ ಅಲೆಯುವುದೇ ಆಟ. ನಲವತ್ತು ನಿಮಿಷ ಅಲೆದ ಮೇಲೆ ಹೇಮಲತಾ ಅವರು ಒಂದು ಕವಲಿನಲ್ಲಿ ನಿಂತುಬಿಟ್ಟರು. ಮಕ್ಕಳು ಅಜ್ಜಿಗೆ ಸುಸ್ತಾಯಿತೆಂದುಕೊಂಡರು. ಅಜ್ಜಿಗೆ ಜ್ಞಾನೋದಯವಾಗಿತ್ತು: ಇಲ್ಲಿಗೆ ತಡವಾಗಿ ಬರುವವರಿಗೆ ಊಟ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಊಟ ಮುಗಿಸಿದವರಿಗೆ ಕಾರು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ವಾರದೊಳಗೆ ಎಲ್ಲರಿಗೂ ಪ್ರಕಟಣೆ ತಲುಪಿತು.

"ಸರ್ವಸದಸ್ಯರ ಸಭೆಯನ್ನು ಅಕ್ಟೋಬರ್ ಎರಡನೇ ಶನಿವಾರ ಶರತ್ಕಾಲದ ವಿಹಾರದೊಂದಿಗೆ ಜೋಳದ ಹೊಲದ ಮಧ್ಯಭಾಗದಲ್ಲಿ ಏರ್ಪಡಿಸಲಾಗಿದೆ. ಎಲ್ಲರೂ ಹನ್ನೊಂದಕ್ಕೆ ಒಟ್ಟಿಗೆ ಪ್ರವೇಶಿಸತಕ್ಕದ್ದು. ನಡವಳಿ ಅಂಗೀಕಾರವಾಗಿ ಚುನಾವಣೆ ಮುಗಿದ ತಕ್ಷಣ ಊಟ ಬಡಿಸಲಾಗುವುದು. ಅದಕ್ಕೆ ಮೊದಲು ಬಡಿಸಲಾಗುವುದಿಲ್ಲ. ಬಿಸಿಬೇಳೆಭಾತ್, ಉದ್ದಿನ ವಡೆ, ಮೊಸರನ್ನ. ಕೆಸರಿರುವುದರಿಂದ ವೆಲ್ಲಿಂಗ್ಟನ್ ರಬ್ಬರ್ ಬೂಟು ಧರಿಸುವುದು ಕ್ಷೇಮ."

ಆ ಶನಿವಾರ ಇಪ್ಪತ್ತೇಳು ಸದಸ್ಯರು ಬಂದರು. ಅವರಲ್ಲಿ ಇಬ್ಬರು ಗೇಟಿನ ಬಳಿಯ ಕುಂಬಳಕಾಯಿ ರಾಶಿ ನೋಡಿ ಅಲ್ಲೇ ಉಳಿದರು. ಹುಳಿಗೆ ಆಗುತ್ತದೆಯೇ ಇಲ್ಲವೇ ಎಂಬ ಅವರ ಚರ್ಚೆ ಸಂಜೆಯವರೆಗೂ ಮುಗಿಯಲಿಲ್ಲ. ಉಳಿದದ್ದು ಸರಿಯಾಗಿ ಇಪ್ಪತ್ತೈದು.

ಫಾರ್ಮಿನ ಯಜಮಾನ ಗ್ರಹಾಂ ನಿಯಮಗಳನ್ನು ವಿವರಿಸಿದರು. ಜೋಳದ ದಂಟುಗಳನ್ನು ನುಗ್ಗಿಕೊಂಡು ದಾಟಬಾರದು. ದಾರಿ ತಪ್ಪಿದರೆ ಕೈಯಲ್ಲಿರುವ ಉದ್ದ ಕೋಲಿನ ಬಾವುಟ ಎತ್ತಬೇಕು. ಆಗ ಗ್ರಹಾಂ ಬಂದು ಹೊರಗೆ ಕರೆದುಕೊಂಡು ಹೋಗುತ್ತಾರೆ. ಅಡಿಗೆ ಉಸ್ತುವಾರಿ ಹೊತ್ತ ಧಾರವಾಡದ ಮಹಾದೇವಿ ಅವರನ್ನು ಹಾಟ್‌ಬಾಕ್ಸುಗಳ ಸಮೇತ ಟ್ರ್ಯಾಕ್ಟರಿನಲ್ಲಿ ಒಂದು ಅಡ್ಡದಾರಿಯಿಂದ ಮೊದಲೇ ಮಧ್ಯಕ್ಕೆ ತಲುಪಿಸಲಾಗಿತ್ತು. ಆ ದಾರಿಯ ಗೇಟಿಗೆ ಬೀಗ ಬಿದ್ದಿತ್ತು. ಹೇಮಲತಾ ಅವರು ಬೀಗವನ್ನು ಎರಡು ಸಲ ಎಳೆದು ನೋಡಿದರು.

"ಸದಸ್ಯರ ಅನುಕೂಲಕ್ಕಾಗಿ ಮೂರು ತಂಡ ಮಾಡೋಣ," ಎಂದರು ಜಯಪ್ರಕಾಶ.

"ಯಾವ ಅನುಕೂಲ?" ಎಂದು ಹೇಮಲತಾ ಕೇಳಿದರು.

"ಹೆಲ್ತ್ ಅಂಡ್ ಸೇಫ್ಟಿ, ಮೇಡಂ."

ಈ ಮೂರು ಪದಗಳಿಗೆ ಈ ದೇಶದಲ್ಲಿ ಉತ್ತರವಿಲ್ಲ. ಮೂರು ತಂಡಗಳಾದವು. ಒಂದಾದರೂ ತಂಡ ಬಾವುಟ ಎತ್ತಿ ಹೊರಗೆ ಹೋಗುತ್ತದೆ, ಕೋರಂ ಮುರಿಯುತ್ತದೆ ಎಂಬುದು ಅಧ್ಯಕ್ಷರ ಲೆಕ್ಕಾಚಾರವಾಗಿತ್ತು. ಆದರೆ ಬಾವುಟ ಎತ್ತುವುದೆಂದರೆ ದಾರಿ ತಪ್ಪಿದೆ ಎಂದು ಒಪ್ಪಿಕೊಂಡಂತೆ. ಇಪ್ಪತ್ತು ವರ್ಷ ಇಂಜಿನಿಯರಾಗಿ ದುಡಿದವರು ಅದನ್ನು ಒಪ್ಪಿಕೊಳ್ಳುವುದುಂಟೆ? ಎರಡನೇ ತಂಡದ ಉಮೇಶ, ಊಟ ಮುಗಿದ ಹನ್ನೊಂದು ನಿಮಿಷಕ್ಕೆ ಮನೆ ಸೇರಿದ ದಾಖಲೆ ಇರುವವರು, ಒಂದೇ ಹುಲ್ಲಿನ ಪಿಂಡಿಯನ್ನು ನಾಲ್ಕನೇ ಬಾರಿ ಕಂಡಾಗ ಹೇಳಿದ್ದು ಇಷ್ಟೇ: "ದಾರಿ ತಪ್ಪಿಲ್ಲ. ದಾರಿ ಪರಿಶೀಲನೆಯಲ್ಲಿದೆ."

ಪ್ರತಿ ಕವಲಿನಲ್ಲೂ ಕೂಟದ ಪದ್ಧತಿಯಂತೆ ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಒಬ್ಬರು ಭಿನ್ನಮತ ದಾಖಲಿಸಿ ಇನ್ನೊಂದು ಕಡೆ ನಾಲ್ಕು ಹೆಜ್ಜೆ ಹೋಗಿ ವಾಪಸಾದರು. ಜೊತೆಗೆ ಬಂದಿದ್ದ ಮಕ್ಕಳೆಲ್ಲ ಅಷ್ಟರಲ್ಲಿ ಚಕ್ರವ್ಯೂಹವನ್ನು ಎರಡು ಸಲ ಮುಗಿಸಿ ಆಡಿನ ಮರಿ ನೋಡಲು ಹೋಗಿದ್ದರು. ಹದಿನೆಂಟರ ಒಳಗಿನವರಿಗೆ ಮತದಾನದ ಹಕ್ಕಿಲ್ಲವಾದ್ದರಿಂದ ಅವರನ್ನು ಯಾರೂ ದಾರಿ ಕೇಳಿರಲಿಲ್ಲ.

ಒಂದೂವರೆಗೆ ಮಹಾದೇವಿ ಬಿಸಿಬೇಳೆಭಾತಿನ ಮುಚ್ಚಳ ತೆಗೆದು, ತುಪ್ಪ ಸುರಿದು, ಮುಚ್ಚದೆ ಬಿಟ್ಟರು. ಹತ್ತು ನಿಮಿಷದಲ್ಲಿ ಮೂರೂ ತಂಡಗಳು ಮೂರು ದಿಕ್ಕಿನಿಂದ ಮಧ್ಯಕ್ಕೆ ಬಂದವು.

ಹೇಮಲತಾ ಅವರು ಹಾಜರಿ ಪುಸ್ತಕ ತೆರೆದು ಎಣಿಸಿದರು. ಇಪ್ಪತ್ತನಾಲ್ಕು. ಮತ್ತೆ ಎಣಿಸಿದರು. ತಮ್ಮನ್ನೂ ಸೇರಿಸಿ ಇಪ್ಪತ್ತನಾಲ್ಕೇ.

"ಅಧ್ಯಕ್ಷರೆಲ್ಲಿ?"

"ಇಲ್ಲೇ ಇದ್ದೀನಿ," ಎಂದು ಜೋಳದ ಗೋಡೆಯ ಆಚೆಯಿಂದ ಧ್ವನಿ ಬಂತು. ಮೂರಡಿ ದೂರವಿರಬಹುದು. "ದಾರಿ ಸಿಗ್ತಿಲ್ಲ ಮೇಡಂ. ನೀವು ಶುರು ಮಾಡಿ, ನನಗೋಸ್ಕರ ಕಾಯಬೇಡಿ."

ಚುನಾವಣಾಧಿಕಾರಿಯಾಗಿ ನಾಟಿಂಗ್‌ಹ್ಯಾಮಿನಿಂದ ಬಂದಿದ್ದ ಡಾಕ್ಟರ್ ರಊಫ್, ಮೂಲತಃ ಹೊಸಪೇಟೆಯವರು, ಈಗ ನಾಟಿಂಗ್‌ಹ್ಯಾಮಿನಲ್ಲಿ ಕುಟುಂಬ ವೈದ್ಯರು, ಬೆಂಚಿನ ಮೇಲೆ ಹತ್ತಿ ದಂಟುಗಳ ಸಂದಿಯಿಂದ ಇಣುಕಿದರು. "ಅರೆ, ಜೇಬಲ್ಲಿ ಮ್ಯಾಪ್ ಐತಲ್ಲ! ಕುರ್ಚಿ ಹಾಕ್ಕೊಂಡು ಆರಾಮಾಗಿ ಕೂತವ್ರೆ ಮೇಡಂ. ಮಡಚೋ ಕುರ್ಚಿ. ಮನೆಯಿಂದ್ಲೇ ತಂದಿದ್ದಾರೆ."

ಈಗ ಇಪ್ಪತ್ತಮೂರು ಹೊಟ್ಟೆಗಳು ಹೇಮಲತಾ ಅವರ ಕಡೆ ತಿರುಗಿದವು.

"ಬಡಿಸಿಬಿಡಿ ಹೇಮಕ್ಕ, ನಡವಳಿ ಆಮೇಲೆ ನೋಡೋಣ," ಎಂದರು ಉಮೇಶ.

"ಆಮೇಲೆ ಅಂದ್ರೆ ಯಾವಾಗ? ಆರು ವರ್ಷದಿಂದ ನೀವು ಇದೇ ಮಾತು ಹೇಳಿದ್ದೀರ. ಪುಟ ಸಂಖ್ಯೆ ಬೇಕಾ?"

"ನನ್ನ ಲೆಕ್ಕದಲ್ಲಿ ಇಲ್ಲಿ ಹನ್ನೊಂದು ಜನ ಶುಗರ್ ಪೇಷಂಟ್ ಇದ್ದಾರೆ," ಎಂದು ರಊಫ್ ಮೆಲ್ಲಗೆ ಹೇಳಿದರು.

ಹೇಮಲತಾ ಅವರಿಗೆ ಪರಿಸ್ಥಿತಿ ಸ್ಪಷ್ಟವಾಗಿತ್ತು. ಈಗ ಬಡಿಸಿದರೆ, ಕೊನೆಯ ತುತ್ತಿನ ಹೊತ್ತಿಗೆ ಜಯಪ್ರಕಾಶ ಮ್ಯಾಪ್ ಹಿಡಿದು ಎದ್ದು ನಿಂತು "ಈ ಕಡೆ ಬನ್ನಿ" ಅನ್ನುತ್ತಾರೆ. ಇಪ್ಪತ್ತಮೂರು ಜನ ಹಿಂದೆ ಹೋಗುತ್ತಾರೆ. ಆರು ಪುಸ್ತಕಗಳೊಂದಿಗೆ ತಾವೊಬ್ಬರೇ ಜೋಳದ ಮಧ್ಯೆ ಉಳಿಯುತ್ತಾರೆ. ಅವರು ಪುಸ್ತಕಗಳ ಚೀಲವನ್ನು ಎದೆಗೆ ಒತ್ತಿಕೊಂಡು ಮಹಾದೇವಿ ಅವರ ಕಡೆ ನೋಡಿದರು. ಆ ನೋಟದ ಅರ್ಥ ಮಹಾದೇವಿ ಅವರಿಗೆ ಹೇಳಬೇಕಾಗಲಿಲ್ಲ. ಅವರು ವಡೆಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಜೋಳದ ಗೋಡೆಗೆ ತಾಗಿಸಿ ಇಟ್ಟರು.

"ಜಯಪ್ರಕಾಶ್ ಸರ, ವಡಿ ಆರಾಕತ್ಯಾವ ನೋಡ್ರಿ. ಆರಿದ್ ಮ್ಯಾಲ ನನ್ನ ಬೈಬ್ಯಾಡ್ರಿ."

"ನನಗೆ ಹಸಿವಿಲ್ಲ, ಮಹಾದೇವಿ ಅವರೇ."

"ಹಸಿವಿದ್ದವ್ರಿಗೆ ನಾ ಕೇಳಂಗಿಲ್ರಿ, ಕೊಡ್ತೀನಿ. ಹಸಿವಿಲ್ಲದವ್ರಿಗಷ್ಟ ಕೇಳೂದು. ಮೆಣಸು, ಕೊಬ್ಬರಿ ಚೂರು ಹಾಕೇನಿ. ಇದ ನೋಡ್ರಿ, ಸಪ್ಪಳ." ಅವರು ಒಂದು ವಡೆಯನ್ನು ಗೋಡೆಯ ಪಕ್ಕವೇ ಮುರಿದರು.

ಗಾಳಿಗೆ ಒಣಗಿದ ಗರಿಗಳು ಸರಸರ ಅಂದವು. ಆಮೇಲೆ ಎರಡು ದಂಟುಗಳ ನಡುವೆ, ಫಾರ್ಮಿನ ನಿಯಮ ಎಲ್ಲೂ ಮುರಿಯದಂತೆ, ಒಂದು ಬಲಗೈ ಒಳಗೆ ಬಂತು. ಮೊಣಕೈವರೆಗೆ ಬಂದು, ಅಂಗೈ ಮೇಲೆ ಮಾಡಿ ನಿಂತಿತು.

"ಒಂದೇ ಒಂದು. ರುಚಿ ನೋಡೋಕೆ."

ಹೇಮಲತಾ ಅವರು ಕನ್ನಡಕ ಸರಿಮಾಡಿಕೊಂಡರು. "ಚುನಾವಣಾಧಿಕಾರಿಗಳೇ, ಇದು ಹಾಜರಿಯೋ ಅಲ್ಲವೋ ತೀರ್ಪು ಕೊಡಿ."

ರಊಫ್ ಮುಂದೆ ಬಂದು ಕೈಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಒಂದು ನಿಮಿಷ ನಿಂತರು. "ನಾಡಿ ಎಂಬತ್ತೆಂಟು. ಸ್ವಲ್ಪ ಜಾಸ್ತಿ, ಆದ್ರೆ ವಡೆ ಎದುರಿಗೆ ನಾರ್ಮಲ್. ಕೈ ಜೀವಂತ ಐತೆ, ಸದಸ್ಯರದ್ದೇ, ಸಭಾಸ್ಥಳದ ಒಳಗಿದೆ."

"ಪಾಯಿಂಟ್ ಆಫ್ ಆರ್ಡರ್," ಎಂದರು ಉಮೇಶ. "ಉಳಿದ ಮನುಷ್ಯ ಹೊರಗಿದ್ದಾನಲ್ಲ ಸಾರ್?"

"ಉಮೇಶ ಅವರೇ," ಎಂದರು ಹೇಮಲತಾ, ಮೂರನೇ ಪುಸ್ತಕದ ನಲವತ್ತೊಂದನೇ ಪುಟ ತೆರೆದು, "ಅವತ್ತು ಜಾಕೆಟ್ ಹಾಕಿಕೊಂಡು, ಕಾರಿನ ಕೀ ಕೈಯಲ್ಲಿ ಹಿಡಿದು, ಒಂದು ಕಾಲು ಬಾಗಿಲಾಚೆ ಇಟ್ಟು ನಿಂತಿದ್ದ ನಿಮ್ಮನ್ನು ಹಾಜರು ಅಂತಲೇ ಬರೆದಿದ್ದೇನೆ. ನಿಮ್ಮಲ್ಲಿ ಒಳಗಿದ್ದದ್ದು ಎಷ್ಟು?"

ಉಮೇಶ ಆಕ್ಷೇಪಣೆ ಹಿಂತೆಗೆದುಕೊಂಡರು. ಕೋರಂ ಇದೆ ಎಂದು ಘೋಷಿಸಲಾಯಿತು. ಆಚೆಯಿಂದ "ಇದು ಸರಿಯಲ್ಲ, ನಾನು ಬಂದಿಲ್ಲ" ಎಂದು ಒಂದು ಪ್ರತಿಭಟನೆ ಕೇಳಿಬಂತು. ಆದರೆ ಬಾಯಿ ಸಭಾಸ್ಥಳದ ಹೊರಗಿದ್ದುದರಿಂದ ಅದನ್ನು ದಾಖಲಿಸಲಾಗಲಿಲ್ಲ. ಕೈಯನ್ನು ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯ ಅಧ್ಯಕ್ಷರಿಗೆ ಕೊನೆಯವರೆಗೂ ಇತ್ತು. ಅಷ್ಟರಲ್ಲಿ ಮಹಾದೇವಿ ಅಂಗೈಯಲ್ಲಿ ವಡೆ ಇಟ್ಟು ಮೇಲೆ ಚಟ್ನಿ ಸುರಿದರು, ಎಳೆದುಕೊಂಡರೆ ಚೆಲ್ಲುತ್ತಿತ್ತು. ಕೈ ಅಲ್ಲೇ ಉಳಿಯಿತು.

ಆರು ವರ್ಷಗಳ ನಡವಳಿಗಳು ನಾಲ್ಕು ನಿಮಿಷದಲ್ಲಿ ಸರ್ವಾನುಮತದಿಂದ ಅಂಗೀಕಾರವಾದವು. ಯಾರೂ ಒಂದು ಸಾಲನ್ನೂ ಓದಿಸಲಿಲ್ಲ. ಹೇಮಲತಾ ಅವರು ಒಂದೊಂದೇ ಪುಸ್ತಕದ ರಟ್ಟಿನ ಮೇಲಿದ್ದ 'ಕರಡು' ಎಂಬ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಆರನೆಯದನ್ನು ತೆಗೆಯುವಾಗ ಕಣ್ಣು ಒದ್ದೆಯಾಯಿತು. ಜೋಳದ ಧೂಳಿಗೆ ಹಾಗಾಗುತ್ತದೆ ಎಂದು ಅವರು ರಊಫ್ ಅವರಿಗೆ ಹೇಳಿದರು. ಹೌದು, ಸೀಸನ್ ಇದು, ಎಂದು ವೈದ್ಯರೂ ದೃಢಪಡಿಸಿದರು.

ಮುಂದಿನ ವಿಷಯ ಚುನಾವಣೆ.

"ಅಧ್ಯಕ್ಷ ಸ್ಥಾನಕ್ಕೆ ಇಚ್ಛೆ ಇರುವವರು ಕೈ ಎತ್ತಿ," ಎಂದರು ರಊಫ್.

ಹಾಲ್ ಬುಕ್ ಮಾಡುವುದು, ಪಾರ್ಕಿಂಗ್ ಬಗ್ಗೆ ಬೈಸಿಕೊಳ್ಳುವುದು, ಉಪ್ಪು ಕಡಿಮೆ ಆದುದಕ್ಕೆ ಇಮೇಲಿನಲ್ಲಿ ಕ್ಷಮೆ ಕೇಳುವುದು ಅಧ್ಯಕ್ಷರ ಕೆಲಸ. ಇಪ್ಪತ್ತಮೂರು ಜನರ ಕೈಗಳು ಒಮ್ಮೆಗೇ ಜೇಬು ಸೇರಿದವು. ಜೇಬಿಲ್ಲದ ಸೀರೆಯವರು ಸೆರಗಿನೊಳಗೆ ಇಟ್ಟುಕೊಂಡರು. ಉಮೇಶ ಕೈಗಳ ಮೇಲೆ ಕೂತುಬಿಟ್ಟರು. ಆರು ವರ್ಷ ಕೋರಂ ಏಕೆ ಆಗಿರಲಿಲ್ಲ ಎಂಬುದರ ಇನ್ನೊಂದು ಕಾರಣ ಆಗ ಹೇಮಲತಾ ಅವರಿಗೆ ಹೊಳೆಯಿತು. ಅವರು ಬಲಗೈಯನ್ನು ಒಂದು ಕ್ಷಣ ಪುಸ್ತಕದಿಂದ ಎತ್ತಿದರು. ಅದರಲ್ಲಿ ಪೆನ್ನಿತ್ತು, ವಾಕ್ಯ ಅರ್ಧಕ್ಕೆ ನಿಂತಿತ್ತು. ವಾಕ್ಯ ಮುಗಿಸಿದರು.

ಅಷ್ಟರಲ್ಲಿ, ನಡವಳಿ ಮುಗಿದ ಮೇಲೆ ಮೆಲ್ಲಗೆ ಆಚೆ ಸರಿದು ವಡೆ ಮುಗಿಸಿದ್ದ ಕೈ ಜೋಳದ ನಡುವೆ ಮತ್ತೆ ಬಂದು, ಮೇಲಕ್ಕೆದ್ದು, ಇನ್ನೊಂದು ಎಂದು ಬೆರಳು ಆಡಿಸಿತು. ಅದು ಏನು ಕೇಳುತ್ತಿದೆ ಎಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

"ಒಂದೇ ಕೈ," ಎಂದರು ರಊಫ್. "ಅವಿರೋಧ ಆಯ್ಕೆ."

ಚಪ್ಪಾಳೆ ಬಿತ್ತು. ಆಚೆಯಿಂದ ಕೆಮ್ಮು ಕೇಳಿತು, ಮಡಚುವ ಕುರ್ಚಿ ಕಿರ್ ಅಂದಿತು. "ನನಗೆ ಆಫೀಸಿನ ಒತ್ತಡ ತುಂಬ ಇದೆ. ಆದರೂ ಸದಸ್ಯರ ಅಭಿಮಾನಕ್ಕೆ ಮಣಿದು..." ಎಂದು ಜಯಪ್ರಕಾಶ ಎಂಟು ನಿಮಿಷ ಮಾತಾಡಿದರು. ಅದು ಅವರು ಆರು ವರ್ಷದಿಂದ ಪ್ರತಿ ವರ್ಷ ತಯಾರಿಸಿಟ್ಟುಕೊಂಡಿದ್ದ ಭಾಷಣ. ಈ ಬಾರಿ ಬಾಯಿ ಹೊರಗಿದ್ದರೂ ದಾಖಲಿಸಲಾಯಿತು. ಒಪ್ಪಿಗೆಯ ಮಾತಿಗೆ ಸ್ಥಳದ ನಿರ್ಬಂಧವಿಲ್ಲ ಎಂದು ಚುನಾವಣಾಧಿಕಾರಿ ಅಭಿಪ್ರಾಯಪಟ್ಟರು.

ಪದ್ಧತಿಯಂತೆ ಸನ್ಮಾನ ನಡೆಯಿತು. ಶಾಲನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊದಿಸಲಾಯಿತು. ಪೇಟವನ್ನು ಎಲ್ಲಿ ತೊಡಿಸಬೇಕೆಂಬ ಬಗ್ಗೆ ಸಂಕ್ಷಿಪ್ತ ಚರ್ಚೆ ನಡೆದು, ಕೈಯನ್ನು ಮುಷ್ಟಿ ಕಟ್ಟಲು ಕೋರಿ, ಅದರ ಮೇಲೆ ಇಡಲಾಯಿತು. ಚೆನ್ನಾಗಿ ಕೂತಿತು. ಕೆಲವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಊಟವಾದ ಮೇಲೆ ಅಧ್ಯಕ್ಷರು ತಮ್ಮ ಉಳಿದ ದೇಹದೊಂದಿಗೆ ಬಂದು ಸೇರಿ, ಎಲ್ಲರನ್ನೂ ಆರು ನಿಮಿಷದಲ್ಲಿ ಹೊರಗೆ ಕರೆತಂದರು. ಮ್ಯಾಪಿನ ಬಗ್ಗೆ ಯಾರೂ ಕೇಳಲಿಲ್ಲ. ದಾರಿ ತೋರಿದ ನಾಯಕತ್ವಕ್ಕೆ ಉಮೇಶ ಕಾರಿನ ಕಿಟಕಿಯಿಂದಲೇ ವಂದನೆ ಸಲ್ಲಿಸಿದರು. ಗೇಟಿನಲ್ಲಿ ಗ್ರಹಾಂ, ಖುಷಿಯಾಯಿತೇ ಎಂದು ವಿಚಾರಿಸಿದಾಗ ಹೇಮಲತಾ ಅವರು ಚೀಲ ತಟ್ಟಿ, "ಅಂಗೀಕಾರ ಆಯ್ತು" ಎಂದು ಕನ್ನಡದಲ್ಲೇ ಹೇಳಿದರು. ಅವರೂ ಬಹಳ ಸಂತೋಷ ಎಂದರು.

ಆ ರಾತ್ರಿಯೇ ಹೇಮಲತಾ ಅವರು ಏಳನೇ ಪುಸ್ತಕ ತೆರೆದು ದಿನದ ನಡವಳಿ ಬರೆದು ಮುಗಿಸಿದರು. ಮುಗಿದ ಮೇಲೆ, ನಿಯಮದಂತೆ, ರಟ್ಟಿನ ಮೇಲೆ 'ಕರಡು' ಎಂಬ ಹೊಸ ಚೀಟಿ ಅಂಟಿಸಿದರು. ಅದು ಅಂಗೀಕಾರವಾಗಲು ಮುಂದಿನ ವರ್ಷವೂ ಕೋರಂ ಆಗಬೇಕು. ಆದ್ದರಿಂದ ಅದೇ ಫಾರ್ಮನ್ನು ಈಗಲೇ ಕಾಯ್ದಿರಿಸಿ, ಬೈಲಾ ತಿದ್ದುಪಡಿಯೊಂದನ್ನು ಎಲ್ಲರಿಗೂ ಕಳುಹಿಸಿದರು: "ಸ್ವತಃ ಬರಲು ಅನಾನುಕೂಲವಿರುವ ಸದಸ್ಯರು ಕನಿಷ್ಠ ಒಂದು ಕೈಯ ಮೂಲಕವಾದರೂ ಹಾಜರಾಗತಕ್ಕದ್ದು."

ವಾರದೊಳಗೆ ತೊಂಬತ್ತೆರಡು ಒಪ್ಪಿಗೆಗಳು ಬಂದವು. ಕೂಟದ ಇತಿಹಾಸದಲ್ಲೇ ಹೆಚ್ಚು. ಎಲ್ಲರೂ ಕೈ ಮಾತ್ರ ಕಳಿಸುವುದಾಗಿ ತಿಳಿಸಿದ್ದರು. ಅದರಲ್ಲಿ ಮೂವತ್ತು ಜನ, ಕೈಗೆ ಪಾರ್ಸೆಲ್ ಕೊಡಲಾಗುತ್ತದೆಯೇ ಎಂದು ವಿಚಾರಿಸಿದ್ದರು.

ಹೇಮಲತಾ ಅವರು ಕೆಂಪು ಶಾಯಿಯಲ್ಲಿ ಉತ್ತರ ಬರೆದರು: "ಹಾಜರಿ ಸಹಿ ಆದ ಮೇಲೆ ಕೊಡಲಾಗುವುದು."