ಪಾತರಗಿತ್ತಿಗೆ ಕುಂಕುಮ

ಸತ್ತುಹೋದ ಪಾತರಗಿತ್ತಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ತಾನು ನಿಂತು ಬಂದ ಮನುಷ್ಯ ಇಡೀ ಹಾವೇರಿ ಜಿಲ್ಲೆಯಲ್ಲಿ ಒಬ್ಬನೇ ಇರಬೇಕು. ಆ ಒಬ್ಬನೂ ನನಗೆ ಸೋದರಮಾವನೇ ಆಗಬೇಕೆ! ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೊರಟಿದ್ದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಮಾವನ ಟವೆಲ್ ಹಾಸಿಕೊಂಡು, ಗಾಜಿನ ಚೌಕಟ್ಟಿನೊಳಗೆ ರೆಕ್ಕೆ ಬಿಚ್ಚಿಕೊಂಡು ಒಂದು ನೀಲಿ ಪಾತರಗಿತ್ತಿ ಆರಾಮವಾಗಿ ಕೂತಿತ್ತು. ಮಾವ ಕಂಬಿ ಹಿಡಿದು ಜೋಲಾಡುತ್ತಿದ್ದ.

"ಯಜಮಾನ್ರ, ಇದನ್ನ ತೊಡಿ ಮ್ಯಾಲೆ ಇಟ್ಕೊಂಡು ಕುಂದ್ರಿ. ಇಲ್ಲಾಂದ್ರ ಇದಕ್ಕೂ ಟಿಕೆಟ್ ತಗಸ್ರಿ," ಎಂದ ಕಂಡಕ್ಟರ್.

"ತಗಸ್ತೇನಿ. ಆದ್ರ ಹಿರೇರಿಗೆ ಕೊಡೋ ರಿಯಾಯಿತಿ ಕೊಡ್ರಿ ಮತ್ತ. ನನಗಿಂತ ವಯಸ್ಸಾದಾಕಿ ಅದಾಳ," ಎಂದ ಮಾವ.

ಕದರಮಂಡಲಗಿ ದಾಟುವವರೆಗೂ ಕಂಡಕ್ಟರ್ ನಮ್ಮ ಕಡೆ ತಿರುಗಿ ನೋಡಲಿಲ್ಲ. ನಾನೂ ಮಾವನ ಪರಿಚಯ ಇಲ್ಲದವಳಂತೆ ಹೊರಗಿನ ಹೊಲ ನೋಡುತ್ತಾ ಕೂತೆ.

ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾನೆ. ಬಿಟ್ಟು ಮನೆಯಲ್ಲಿ ಕೂತನೇ? ಗುಜರಿ ಅಂಗಡಿ, ಮುಚ್ಚಿದ ಶಾಲೆ, ಕೆಡವುತ್ತಿರುವ ಹಳೇ ಬಂಗಲೆ ಎಲ್ಲೇ ಇರಲಿ, ಯಾರೋ ಯಾವ ಕಾಲದಲ್ಲೋ ಸೂಜಿ ಚುಚ್ಚಿ ಗಾಜು ಹಾಕಿಸಿಟ್ಟ ಪಾತರಗಿತ್ತಿ ಸಿಕ್ಕೀತೆಂದು ಹುಡುಕಿಕೊಂಡು ಹೋಗುತ್ತಾನೆ. ತಾನಾಗಿ ಒಂದನ್ನೂ ಹಿಡಿದವನಲ್ಲ. ಹಿತ್ತಲಿಗೆ ಜೀವಂತ ಪಾತರಗಿತ್ತಿ ಬಂದರೆ, ಅದಕ್ಕೆ ತೊಂದರೆಯಾದೀತೆಂದು ಸೀನು ಕೂಡ ತಡೆದುಕೊಳ್ಳುತ್ತಾನೆ. ಮೆಣಸಿನಕಾಯಿ ಊರಿನಲ್ಲಿ ಸೀನು ತಡೆಯುವುದೆಂದರೆ ಸಣ್ಣ ತಪಸ್ಸೇ?

ಚೌಕಟ್ಟು ಕೊಳ್ಳುವಾಗಲೂ ಅವನದು ಮೆಣಸಿನಕಾಯಿ ಕಣ್ಣೇ. ಬೆಳಕಿಗೆ ಹಿಡಿಯುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ಮೂಸಿ ಕೂಡ ನೋಡುತ್ತಾನೆ. "ಬಣ್ಣ ಚೊಲೋ ಐತಿ. ಆದ್ರ ಸುಕ್ಕು ಭಾಳ." ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕಿದ್ದಷ್ಟೂ ಬೆಲೆ, ಪಾತರಗಿತ್ತಿಗೆ ಸುಕ್ಕಿರಕೂಡದು. ಈ ವ್ಯತ್ಯಾಸ ಕಲಿಯಲು ತನಗೆ ಬಹಳ ಕಷ್ಟವಾಯಿತೆಂದು ಅವನೇ ಹೇಳುತ್ತಿರುತ್ತಾನೆ.

ಒಮ್ಮೆ ಯಾರೋ, ಇವಕ್ಕೆ ಹುಳ ಬೀಳುತ್ತದೆ, ಡಾಂಬರ್ ಗುಳಿಗೆ ಇಡಿ ಎಂದರು. ಮೆಣಸಿನಕಾಯಿ ವ್ಯಾಪಾರಿ ಡಾಂಬರ್ ಗುಳಿಗೆ ಕೊಳ್ಳುವುದೇ? ಮಾವ ಒಂದು ಚೌಕಟ್ಟಿನ ಹಿಂಬದಿ ಬಿಚ್ಚಿ, ಅಂಗಡಿಯ ಒಳ್ಳೇ ಮಾಲನ್ನೇ ತುಂಬಿ, ಮತ್ತೆ ಮೊಳೆ ಹೊಡೆದ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂಬುದು ಊರಿಗೆಲ್ಲ ಗೊತ್ತು. ಹುಳಗಳಿಗೂ ಗೊತ್ತಿತ್ತು! ಮೆಣಸಿನಕಾಯಿಯ ಜೊತೆಗೇ ಒಳಗೆ ಹೋದ ಹುಳಗಳು ಅದನ್ನೂ ತಿಂದು, ಪಾತರಗಿತ್ತಿಯನ್ನೂ ತಿಂದು, ಸೂಜಿಯೊಂದನ್ನೇ ಉಳಿಸಿದವು.

ಅತ್ತೆ ಬಂದು ಆ ಸೂಜಿಯನ್ನು ಬಹಳ ಹೊತ್ತು ನೋಡಿದಳು.

"ಗುಂಟೂರಿನ್ವು ತರಸಬೇಕಿತ್ತು ನೀವು," ಎಂದಷ್ಟೇ ಹೇಳಿ ಒಳಗೆ ಹೋದಳು.

ಅತ್ತೆಗೆ ಈ ಪಾತರಗಿತ್ತಿಗಳು ಕಂಡರಾಗದು. "ಮನಿಯಾಗ ಹೆಣ ತೂಗು ಹಾಕ್ಯಾರ" ಎನ್ನುತ್ತಾಳೆ. ಅದಕ್ಕಿಂತ ಆಗದ್ದು ಒಂದೇ, ಸೊಟ್ಟ. ರೊಟ್ಟಿ ಸೊಟ್ಟಗಿರಬಾರದು, ರಂಗೋಲಿ ಸೊಟ್ಟಗಿರಬಾರದು. ಬೀಗರ ಮನೆಗೆ ಮೊದಲ ಸಲ ಹೋದಾಗ, ಚಹಾ ಬರುವ ಮೊದಲೇ ಎದ್ದುಹೋಗಿ ಅವರ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ ಬಂದಳು!

ಇನ್ನು ಕುಂಕುಮದ ಕತೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರ ಫೋಟೋ ಒರೆಸಿ, ಕುಂಕುಮ ಹಚ್ಚಿ, ಹೂ ಏರಿಸಿ, ಎಡೆ ಇಡುತ್ತೇವೆ. ಒಂದು ವರ್ಷ ಗುತ್ತಲದಿಂದ ಬಂದಿದ್ದ ಅತ್ತೆಯ ಅಕ್ಕ ಈ ಕೆಲಸ ತಾನೇ ವಹಿಸಿಕೊಂಡರು. ಅವರಿಗೆ ಕಣ್ಣು ಅಷ್ಟಕ್ಕಷ್ಟೇ. ಗೋಡೆಯ ಈ ತುದಿಯಿಂದ ಶುರುಮಾಡಿ ಅಜ್ಜ, ಅಜ್ಜಿ, ಮುತ್ತಜ್ಜ ಎಲ್ಲರನ್ನೂ ಮುಗಿಸಿ, ಹಾಗೇ ಮುಂದುವರಿದು ಪಾತರಗಿತ್ತಿಗಳಿಗೂ ಸಾಲಾಗಿ ಕುಂಕುಮವಿಟ್ಟು ಕೈಮುಗಿದರು. "ನಿಮ್ಮ ಮನಿತನ ಭಾಳ ದೊಡ್ಡದೈತಿ ಬಿಡ್ರಿ," ಎಂದರು.

ಮಾವ ಊಟ ಬಿಟ್ಟು ಗಾಜು ಒರೆಸುತ್ತಾ ಕೂತ. ಗಾಜಿಗೆ ಬೆರಳು ತಾಗಿದರೆ ಸೈರಿಸದವನು, ಕುಂಕುಮ ಸೈರಿಸುತ್ತಾನೆಯೇ? ಎಡೆ ಆರಿ ತಣ್ಣಗಾಯಿತು. ಅತ್ತೆ ಮಾತ್ರ ಸೆರಗು ಬಾಯಿಗೆ ಹಚ್ಚಿಕೊಂಡು ಸಂಜೆಯವರೆಗೂ ನಕ್ಕಳು.

ಆ ನಗು ಕಳೆದ ಬೇಸಿಗೆಯ ಕೊನೆಗೆ ನಿಂತುಹೋಯಿತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹಾವೇರಿಯಲ್ಲಿ ಆಪರೇಷನ್ ಆಯಿತು. "ಎಲುವು ಕೂಡೇತಿ. ಇನ್ನ ಅವರು ಎದ್ದು ಅಡ್ಡಾಡಬೇಕು. ಈಗ ಏಳಲಿಲ್ಲಾಂದ್ರ ಮುಂದ ಏಳೂದ ಕಷ್ಟ," ಎಂದರು ಡಾಕ್ಟರು. ಅತ್ತೆ ಏಳಲಿಲ್ಲ. ನಾವು ಹೇಳಿದೆವು, ಬೈದೆವು, ಕಣ್ಣೀರಿಟ್ಟೆವು. ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದರೆ ಅದರ ಮೇಲೆ ಟವೆಲ್ ಒಣಗಿಸಿದಳು. "ನನ್ನಿಂದ ಆಗೂದಿಲ್ಲ, ಬಿಡ್ರಿ," ಎಂದು ಗೋಡೆ ಕಡೆ ಹೊರಳಿದಳು. ಮಳೆಗಾಲ ಶುರುವಾದರೂ ಹೀಗೇ ಇದ್ದಳು. ನನಗೆ ನಿಜಕ್ಕೂ ಭಯವಾಗಿತ್ತು.

ಅಂಥದರಲ್ಲಿ ಮಾವ ಮಾಡಿದ್ದೇನು? ಬಸ್ಸಿನಲ್ಲಿ ಸೀಟು ಕೊಟ್ಟು ತಂದ ಆ ನೀಲಿ ಪಾತರಗಿತ್ತಿಯನ್ನು ತಂದು ಅತ್ತೆಯ ಮಂಚದೆದುರಿನ ಗೋಡೆಗೆ ಹಾಕಿದ!

"ಸೊಟ್ಟ ಆಗೇತಿ," ಎಂದಳು ಅತ್ತೆ.

"ಇಲ್ಲ, ನೆಟ್ಟಗ ಐತಿ."

"ಎಡಕ್ಕ ವಾಲೇತ್ರಿ."

ಮಾವ ಹೋಗಿ ಮುಟ್ಟಿದ. ಬಲಕ್ಕೆ ವಾಲಿತು. ಮರುದಿನ ಮತ್ತೆ ಎಡಕ್ಕೆ. ಮಲಗಿದಲ್ಲಿಂದ ಅತ್ತೆ ಹೇಳುವುದು, ಮಾವ ಹೋಗಿ ಕೆಡಿಸುವುದು. ಅವಳ ದನಿ ದಿನದಿನಕ್ಕೆ ಜೋರಾಗುತ್ತಾ ಬಂತು. ನಾನು ಸರಿಮಾಡಲು ಹೋದರೆ ಮಾವ ಗದರಿದ: "ನೀ ಮುಟ್ಟಬ್ಯಾಡ. ನಿನಗ ತಿಳಿಯೂದಿಲ್ಲ."

ಮಹಾಲಯ ಅಮಾವಾಸ್ಯೆಗೆ ಗುತ್ತಲದವರು ಬಂದರು. ಈ ಸಲ ಹಿರಿಯರ ಫೋಟೋಗಳಷ್ಟಕ್ಕೇ ಕುಂಕುಮ ಹಚ್ಚಿ, ತಟ್ಟೆಯನ್ನು ಅತ್ತೆಯ ಕೋಣೆಯ ಗೂಡಿನಲ್ಲಿಟ್ಟರು. ಮಾವ ಚೌಕಟ್ಟಿನ ಮುಂದೆ ನಿಂತು, "ಈಗ ನೋಡು, ದಾರ ಹಿಡದಂಗ ಐತಿ," ಎಂದ. ಅದು ಬಿದ್ದೇಬಿಡುವಷ್ಟು ವಾಲಿತ್ತು.

"ಸರೀರಿ ಆಕಡೆ," ಎಂದಳು ಅತ್ತೆ.

ಟವೆಲ್ ಕೆಳಗೆ ಬಿತ್ತು. ವಾಕರ್ ಟಕ್ ಎಂದಿತು. ಅತ್ತೆ ಹಲ್ಲು ಕಚ್ಚಿ, ನಡುನಡುವೆ ನಿಂತು, ಗಂಡನನ್ನು ಬೈದುಕೊಳ್ಳುತ್ತಾ ಗೋಡೆಯವರೆಗೆ ನಡೆದಳು. ಒಂದು ಕೈಯಿಂದ ಚೌಕಟ್ಟನ್ನು ನೆಟ್ಟಗೆ ಮಾಡಿದಳು. ಆಮೇಲೆ ಗೂಡಿನ ತಟ್ಟೆಯಿಂದ ಕುಂಕುಮ ತೆಗೆದು, ಪಾತರಗಿತ್ತಿಯ ಗಾಜಿನ ನಡುಮಧ್ಯೆ ಒತ್ತಿದಳು.

"ಮಳಿಗಾಲ ಪೂರ್ತಿ ನನ್ನ ಜೋಡಿ ಎಚ್ಚರ ಇತ್ತಿದು. ಇರ್ಲಿ, ಇದಕ್ಕೂ ಒಂದು."

ನನಗೆ ಕಣ್ಣು ತುಂಬಿ ಬಂತು. ಅವಳನ್ನು ಕೂರಿಸಿದ ಮೇಲೆ, ಜೀವನವಿಡೀ ತಕ್ಕಡಿ ಮುಳ್ಳು ನೋಡಿದ ಮಾವನನ್ನು ಪಡಸಾಲೆಗೆ ಕರೆದು ಕೇಳಿದೆ: "ಸೊಟ್ಟ ಇದ್ದದ್ದು ನಿನಗ ಖರೇ ಕಾಣ್ತಿರಲಿಲ್ಲೇನು ಮಾವಾ?"

"ನೆಟ್ಟಗ ಹಾಕಿದ್ರ ಅಕಿ ಏಳತಿದ್ಲೇನು?" ಎಂದ. ಟವೆಲಿನಿಂದ ಮುಖ ಒರೆಸಿಕೊಂಡ, ಎಷ್ಟು ಒರೆಸಿದರೂ ಮುಗಿಯಲಿಲ್ಲ.

ಈಗ ಅತ್ತೆ ಅಂಗಳದವರೆಗೂ ಹೋಗಿಬರುತ್ತಾಳೆ. ಮಾವ ಉಳಿದ ಗಾಜುಗಳನ್ನೆಲ್ಲ ಮೊದಲಿನಂತೆ ದಿನಾ ಒರೆಸುತ್ತಾನೆ. ಅದೊಂದನ್ನು ಮಾತ್ರ ಮುಟ್ಟುವುದಿಲ್ಲ. ಮನೆಗೆ ಯಾರೇ ಬಂದರೂ ಅದರ ಮುಂದೆ ನಿಲ್ಲಿಸಿ ಮೊದಲು ಕುಂಕುಮ ತೋರಿಸುತ್ತಾನೆ, ಪಾತರಗಿತ್ತಿ ಆಮೇಲೆ.